ತೊಂಬತ್ತೊಂದರ ಡಬ್ಬಿ

ನೀರಿನ ಟ್ಯಾಂಕರು ಕೆಸರಿನಿಂದ ಎದ್ದಿತು, ಜೀಪು ಮಲಗಿತು. ದಿಲ್ಲಿ ಪಕ್ಕದ ಇಂದಿರಾಪುರಂನ ಆ ಸೊಸೈಟಿಯ ನೂರಿಪ್ಪತ್ತು ಮನೆಗಳ ಪೈಕಿ ನೂರಹತ್ತೊಂಬತ್ತು ಮನೆಗಳಲ್ಲಿ ಆ ಸಂಜೆ ನೀರು ಬಂದ ಸಂತೋಷ. ಉಳಿದ ಒಂದು ಮನೆ ಯಶ್ವಂತನದು.

ಟ್ಯಾಂಕರನ್ನು ಜೀಪಿಗೆ ಕಟ್ಟಿ ಎಳೆಯುವ ಉಪಾಯ ಅವನದಲ್ಲ, ಕೆಳಮನೆಯ ಅನಂತಮೂರ್ತಿಗಳದು. ಸರ್ಕಾರಿ ಕಚೇರಿಯಿಂದ ನಿವೃತ್ತರಾದ ಮೇಲೆ ಅವರು ಉಪಾಯಗಳನ್ನೇ ಪೂರ್ಣಾವಧಿ ಕೆಲಸವಾಗಿ ಮಾಡಿಕೊಂಡಿದ್ದರು. "ಫೋರ್ ವೀಲ್ ಅಲ್ವೇನಪ್ಪ ಇದು? ಮತ್ತೇನು ಮದುವೆ ಮೆರವಣಿಗೆಗೆ ಇಟ್ಕೊಂಡಿದ್ದೀಯಾ?" ಎಂದಿದ್ದರು. ಬಾಲ್ಕನಿಗಳಲ್ಲಿ ನಿಂತ ಜನ ಚಪ್ಪಾಳೆ ತಟ್ಟಿದ್ದರು. ಯಶ್ವಂತನಿಗೆ ಚಪ್ಪಾಳೆ ಅಭ್ಯಾಸವಿರಲಿಲ್ಲ. ಆಕ್ಸಿಲರೇಟರನ್ನು ಇನ್ನಷ್ಟು ತುಳಿದ. ಟ್ಯಾಂಕರು ಎದ್ದು ಹೋದ ಮೇಲೆ ಜೀಪಿನಿಂದ ಸೀದ ರೊಟ್ಟಿಯ ವಾಸನೆ ಬಂತು. ಆಮೇಲೆ ಯಾವ ಗೇರಿಗೆ ಹಾಕಿದರೂ ಇಂಜಿನ್ ಕೂಗಿತೇ ಹೊರತು ಗಾಡಿ ಅಲುಗಲಿಲ್ಲ.

ಜೀಪು ಅವನ ಮಾವ ಕರ್ನಲ್ ಸೋಮಯ್ಯನವರದು. ಯಾವುದೋ ರಾಯಭಾರ ಕಚೇರಿಯ ಹರಾಜಿನಲ್ಲಿ ಕೊಂಡ ವಿದೇಶಿ ಗಾಡಿ, ತೊಂಬತ್ತೊಂದರ ಮಾಡೆಲ್, ಕ್ಲಚ್ಚಿಲ್ಲದೆ ತಾನೇ ಗೇರು ಬದಲಿಸಿಕೊಳ್ಳುವಂಥದ್ದು. ಕೊಡಗಿನ ಕರ್ನಲ್ ತಮ್ಮ ಒಬ್ಬಳೇ ಮಗಳು ಪೂವಮ್ಮ, ಫರೀದಾಬಾದಿನ ಬೇರಿಂಗ್ ಕಾರ್ಖಾನೆಯ ಖರೀದಿ ವಿಭಾಗದಲ್ಲಿದ್ದ ದಾವಣಗೆರೆಯ ಹುಡುಗನನ್ನು ಮದುವೆಯಾದದ್ದನ್ನು ಎರಡು ವರ್ಷದಿಂದ ಜೀರ್ಣಿಸಿಕೊಳ್ಳುತ್ತಿದ್ದರು. ಮೂರು ತಿಂಗಳ ಹಿಂದೆ ಊರಿಗೆ ಹೊರಟಾಗ ಮೊದಲ ಸಲ ಅಳಿಯನ ಅಂಗೈಗೆ ಜೀಪಿನ ಕೀಲಿಕೈ ಇಟ್ಟಿದ್ದರು. ತಮ್ಮದೊಂದು ಕರಿ ಟ್ರಂಕನ್ನೂ ಅವನ ಮಂಚದಡಿ ಇಟ್ಟು ಹೋಗಿದ್ದರು. ಮರುದಿನ ಹನ್ನೊಂದಕ್ಕೆ ನಿಜಾಮುದ್ದೀನ್ ಸ್ಟೇಷನ್ನಿನಲ್ಲಿ ಇಳಿಯುವವರಿದ್ದರು.

"ಪಪ್ಪ ಇಳಿದ ತಕ್ಷಣ ಜೀಪ್ ಎಲ್ಲಿ ಅಂತ ಕೇಳ್ತಾರೆ," ಎಂದಳು ಪೂವಮ್ಮ. "ನೀನು ಎಲ್ಲಿ ಅಂತ ಕೇಳಲ್ಲ, ಯಶು."

ಬೆಳಗ್ಗೆ ಆರಕ್ಕೆ, ಕೈ ಚಾಚಿದರೆ ಬೆರಳು ಕಾಣದಂಥ ಮಂಜಿನಲ್ಲಿ, ಬಸಪ್ಪ ತನ್ನ ಟೆಂಪೋದಲ್ಲಿ ಬಂದ. ಬೈಲಹೊಂಗಲದವನು. ಸೈನ್ಯದ ವರ್ಕ್‌ಶಾಪಿನಲ್ಲಿ ಹವಾಲ್ದಾರನಾಗಿ ನಿವೃತ್ತನಾಗಿ ಸಾಹಿಬಾಬಾದಿನಲ್ಲಿ ಗ್ಯಾರೇಜು ಇಟ್ಟಿದ್ದ. ಅವನು ಗೇರ್‌ಬಾಕ್ಸಿಗೆ ಡಬ್ಬಿ ಎನ್ನುತ್ತಿದ್ದ. ಡಬ್ಬಿ ಕೆಳಗಿಳಿಯುವ ಹೊತ್ತಿಗೆ ಅನಂತಮೂರ್ತಿಗಳು ಕುರ್ಚಿ, ಮಫ್ಲರು, ಚಹಾದ ಫ್ಲಾಸ್ಕಿನೊಂದಿಗೆ ಮುಂದಿನ ಸಾಲಿನಲ್ಲಿ ಕೂತಾಗಿತ್ತು.

"ಒಳಗಿನ ಪ್ಲೇಟೆಲ್ಲ ಇದ್ದಿಲಾಗ್ಯಾವ್ರಿ," ಎಂದ ಬಸಪ್ಪ, ಎಣ್ಣೆ ಮೂಸಿ. ಮತ್ತೆ ಅಡಿಯ ಮುಚ್ಚಳ ತೆಗೆದು ಟಾರ್ಚು ಬಿಟ್ಟ. "ಬರ್ರಿ ಸಾಹೇಬ್ರ, ನೋಡ್ರಿ."

ಯಶ್ವಂತ ಬಗ್ಗಿದ. ಅಂಗೈಯಗಲದ ಲೋಹದ ಹಲಗೆಯ ಮೇಲೆ ಇರುವೆಗೂಡನ್ನು ಸೀಳಿಟ್ಟಂತೆ ನೂರಾರು ಕಾಲುವೆಗಳು. ಒಂದು ಇನ್ನೊಂದನ್ನು ಮುಟ್ಟದೆ ತಿರುಗಿ, ಮುರಿದು, ಎಲ್ಲೋ ಇಳಿದು ಮತ್ತೆಲ್ಲೋ ಎದ್ದಿದ್ದವು.

"ಏರು ಬಂತು, ಇಳಿಜಾರು ಬಂತು, ಯಾವ ಗೇರು ಬೇಕು ಅನ್ನೋದು ಇದಕ್ಕ ಗೊತ್ತಾಕ್ಕೈತಿ. ಬರೇ ಎಣ್ಣಿ ಒತ್ತಡದಾಗ. ಈ ಹಲಗಿ ಕೆತ್ತಿದವಗ ಕೈ ಮುಗೀಬೇಕ್ರಿ."

ಯಶ್ವಂತ ನಿಜವಾಗಿಯೂ ಕೈ ಮುಗಿಯುವವನಿದ್ದ. ಒಂದು ನಟ್ಟು ಕೊಳ್ಳಲು ಹದಿನಾಲ್ಕು ಸಹಿ ಹಾಕಿಸುವ ವಿಭಾಗದಲ್ಲಿ ಆರು ವರ್ಷ ದುಡಿದಿದ್ದ ಅವನಿಗೆ, ಯಾರನ್ನೂ ಕೇಳದೆ ಕ್ಷಣದಲ್ಲಿ ನಿರ್ಧಾರ ಮಾಡುವ ವಸ್ತುವೊಂದು ಭೂಮಿಯ ಮೇಲಿದೆ ಎಂಬುದೇ ನಂಬಲು ಕಷ್ಟವಾಯಿತು.

ಬಸಪ್ಪ ಡಬ್ಬಿಯ ಬದಿಯ ಪಟ್ಟಿ ಒರೆಸಿ ಓದಿದ. "ಗಾಡಿ ತೊಂಬತ್ತೊಂದರದು. ಡಬ್ಬಿ ತೊಂಬತ್ತಾರರದು. ಯಾರೋ ಮೊದಲ ಬದಲಿ ಮಾಡ್ಯಾರ."

"ಅಂದ್ರೆ ಹರಾಜಿನವರು ನಿನ್ನ ಮಾವನಿಗೆ ಟೋಪಿ ಹಾಕಿದ್ದಾರೆ," ಎಂದರು ಅನಂತಮೂರ್ತಿಗಳು, ಚಹಾ ಹೀರುತ್ತ. "ಪಾಪ, ಕರ್ನಲ್ಲಿಗೆ ಇವತ್ತಿಗೂ ಗೊತ್ತಿಲ್ಲ."

ಯಶ್ವಂತನ ತಲೆಯಲ್ಲಿ ದೀಪ ಹತ್ತಿತು. ಕೆಟ್ಟದ್ದನ್ನು ಮುಚ್ಚಿಡುವುದೇಕೆ? ತೊಂಬತ್ತೊಂದರ ಗಾಡಿಗೆ ತೊಂಬತ್ತೊಂದರದೇ ಡಬ್ಬಿ ಹಾಕಿಸಿದರೆ, ಮಾವ ಹತ್ತು ವರ್ಷದಲ್ಲಿ ಕಂಡುಹಿಡಿಯದ ಮೋಸವನ್ನು ಅಳಿಯ ಒಂದೇ ದಿನದಲ್ಲಿ ಸರಿಪಡಿಸಿದಂತಾಗುತ್ತದೆ.

ಅಷ್ಟರಲ್ಲಿ ಅನಂತಮೂರ್ತಿಗಳ ಹೆಂಡತಿ ಜಲಜಾ ಕಿಟಕಿಯಿಂದ ಕೂಗಿ ಹೇಳಿದರು. ಅವರು ಬೆಳಗಿನಿಂದ ರೈಲ್ವೆ ವಿಚಾರಣೆಗೆ ಫೋನು ಹಚ್ಚಿ ಕೂತಿದ್ದರು. "ಆಗ್ರಾದಲ್ಲೂ ಮಂಜಂತೆ. ಟ್ರೇನು ಆರು ಗಂಟೆ ಲೇಟು."

ದೇವಸ್ಥಾನಕ್ಕೆ ಹೋಗದ ಯಶ್ವಂತ ಮಂಜಿಗೆ ಕೈ ಮುಗಿದ.

ಬಸಪ್ಪನ ಟೆಂಪೋದಲ್ಲಿ ದಿಲ್ಲಿಯ ಮಾಯಾಪುರಿ ಗುಜರಿ ಪೇಟೆ ಮುಟ್ಟಿದಾಗ ಅವನ ಬಾಯಿ ಬೆರಗಿನಿಂದ ತೆರೆಯಿತು. ಮೂರಂತಸ್ತಿನೆತ್ತರಕ್ಕೆ ಬಾಗಿಲುಗಳ ಬೆಟ್ಟ, ಆಕ್ಸಲುಗಳ ಕಾಡು. ದೇಶದಲ್ಲಿ ಸತ್ತ ಗಾಡಿಗಳೆಲ್ಲ ಮೋಕ್ಷಕ್ಕೆ ಇಲ್ಲಿಗೇ ಬರುತ್ತವೇನೋ ಎನಿಸಿತು. ಹನ್ನೆರಡು ಅಂಗಡಿಗಳವರು ಇಲ್ಲವೆಂದು ತಲೆಯಾಡಿಸಿದರು. ಹದಿಮೂರನೆಯ ಅಂಗಡಿಯ ಮುದುಕ ಒಳಗೆ ಕರೆದ.

"ಒಂದೇ ಇದೆ, ಭಯ್ಯಾ. ದಿಲ್ಲಿಯಲ್ಲಿ ಈ ಗಾಡಿಗಳೇ ಹತ್ತೋ ಹನ್ನೆರಡೋ. ಇನ್ನೊಂದು ಡಬ್ಬಿ ಯಾರಾದರೂ ತೋರಿಸಿದರೆ ನನ್ನ ಮೀಸೆ ಬೋಳಿಸಿ."

ಪಟ್ಟಿಯ ಮೇಲೆ ಸ್ಪಷ್ಟವಾಗಿ ತೊಂಬತ್ತೊಂದು. ಬಸಪ್ಪ ಎಡಬದಿಯ ಗ್ರೀಸನ್ನು ಹೆಬ್ಬೆರಳಿನಿಂದ ಒರೆಸಿದ. ಬಿಳಿ ಪೇಂಟಿನ ಎರಡು ಅಕ್ಷರ ಕಂಡವು: ಐ.ಸಿ. ಮುಂದಿನದೆಲ್ಲ ಬೆರಳು ದಪ್ಪದ ಗ್ರೀಸಿನಡಿ. ಬಸಪ್ಪ ತನಗರಿವಿಲ್ಲದೆ ನೆಟ್ಟಗೆ ನಿಂತ.

"ಐ.ಸಿ. ಅಂದ್ರ ಸೈನ್ಯದ ಆಫೀಸರ್ ನಂಬರ್ರೀ ಸಾಹೇಬ್ರ. ಆಫೀಸರ್ ಗಾಡಿ ಡಬ್ಬಿ."

ಯಶ್ವಂತನಿಗೆ ಅದನ್ನು ಹೇಳಿಕೊಡಬೇಕಿರಲಿಲ್ಲ. ಫೌಜಿ ಮನೆಗಳಲ್ಲಿ ಟ್ರಂಕು, ಬಕೆಟ್ಟು, ಹಾಸಿಗೆ ಎಲ್ಲದರ ಮೇಲೂ ಬಿಳಿ ಪೇಂಟಿನಲ್ಲಿ ನಂಬರು ಇರುತ್ತದೆ. ವರ್ಗವಾದಾಗ ಸಾಮಾನು ಕಳೆಯಬಾರದಲ್ಲ. ಮಾವನಂತೂ ಮಗಳ ಮನೆಯ ಪ್ರೆಶರ್ ಕುಕ್ಕರನ್ನೂ ಬಿಟ್ಟಿರಲಿಲ್ಲ. "ನಿನ್ನೊಬ್ಬನ ಮೇಲೆ ಮಾತ್ರ ಬರೆದಿಲ್ಲ ನೋಡು," ಎಂದು ಅನಂತಮೂರ್ತಿಗಳು ನಕ್ಕಾಗ ಯಶ್ವಂತನಿಗೆ ಒಳಗೆಲ್ಲೋ ಚುಚ್ಚಿದ್ದೂ ಉಂಟು.

ಕಾರ್ಖಾನೆಗೆ ಒಂದು ಬೋಲ್ಟು ಕೊಳ್ಳುವಾಗಲೂ ಪರೀಕ್ಷಾ ಪತ್ರ ಕೇಳುವ ಅವನು ಇಲ್ಲಿ ಏನನ್ನೂ ಕೇಳಲಿಲ್ಲ. ಐ.ಸಿ.ಗಿಂತ ದೊಡ್ಡ ಪ್ರಮಾಣಪತ್ರ ಯಾವುದಿದೆ? ಸುಟ್ಟ ತೊಂಬತ್ತಾರನ್ನು ಬದಲಿಗೆ ಕೊಟ್ಟ. ಮುದುಕ ಯಾಕೋ ಚೌಕಾಸಿಯನ್ನೇ ಮಾಡಲಿಲ್ಲ. ತಾನೇ ಭುಜ ಕೊಟ್ಟು ಡಬ್ಬಿಯನ್ನು ಟೆಂಪೋಗೆ ಏರಿಸಿ, "ಇದರ ಜೊತೆ ಬಂದದ್ದು" ಎಂದು ಬಟ್ಟೆಯ ಗಂಟೊಂದನ್ನೂ ಎಸೆದು, ಟೆಂಪೋ ತಿರುವು ದಾಟುವವರೆಗೂ ನೋಡುತ್ತ ನಿಂತ.

ಮಧ್ಯಾಹ್ನ ತೊಡಕು ಎದ್ದಿತು. ಬಸಪ್ಪ ಜೀಪಿನಡಿ ಮಲಗಿ, ಕಣ್ಣು ಮುಚ್ಚಿ, ಬೆರಳ ತುದಿಯಿಂದ ಹಲ್ಲು ಎಣಿಸಿದ. "ಡಬ್ಬಿ ದಂಡದಾಗ ಇಪ್ಪತ್ತೊಂದು ಹಲ್ಲು. ಅದು ಕೂಡೋ ಗಾಲಿಯೊಳಗ ಇಪ್ಪತ್ತಮೂರು. ಕೂಡಂಗಿಲ್ರಿ."

"ಎರಡು ಹಲ್ಲು ಉಜ್ಜಿ ತೆಗೆದ್ರಾಯ್ತಪ್ಪ," ಎಂದರು ಅನಂತಮೂರ್ತಿಗಳು.

"ನಿಮ್ಮ ಹಲ್ಲು ಎಷ್ಟ ಅದಾವ್ರಿ?" ಎಂದು ಬಸಪ್ಪ ಕೆಳಗಿನಿಂದಲೇ ಕೇಳಿದ. ಅವರು ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಂಡರು.

ಯಶ್ವಂತನಿಗೆ ಬಟ್ಟೆಯ ಗಂಟು ನೆನಪಾಯಿತು. ಬಿಚ್ಚಿದರೆ ಒಂದು ಹಲ್ಲುಗಾಲಿ, ಒಳಗೆ ಎಣಿಸಿದಂತೆ ಇಪ್ಪತ್ತೊಂದು. ಅಲ್ಲಿಂದ ಮುಂದೆ ಕೆಲಸ ತಾನಾಗಿಯೇ ನಡೆಯಿತು. ಬೋಲ್ಟುಗಳು ಕೇಳದೆಯೇ ತೂತು ಹುಡುಕಿಕೊಂಡು ಹೋದವು. ಜೀಪಿನ ಹೊಟ್ಟೆಯಲ್ಲಿ ಯಾರೋ ಟೇಪು ಸುತ್ತಿ ಬಿಟ್ಟಿದ್ದ ಹಳೆಯ ವೈರಿನ ತುದಿ ಹೊಸ ಡಬ್ಬಿಗೆ ಟಕ್ಕೆಂದು ಕೂತಿತು. ಬಸಪ್ಪ ಹೊರಗೆ ತೆವಳಿ ಬಂದು ಟೋಪಿ ತೆಗೆದ.

"ಮೂವತ್ತ ವರ್ಷದಾಗ ಹಿಂಗ ಕುಂತ ಡಬ್ಬಿ ನೋಡಿಲ್ರಿ. ತವರಮನಿಗೆ ಬಂದಂಗ ಕುಂತೈತಿ."

ಜಲಜಾ ಚಕ್ರದಡಿ ನಿಂಬೆಹಣ್ಣು ಇಟ್ಟರು. ಸೊಸೈಟಿಯನ್ನು ಮೂರು ಸುತ್ತು ಹಾಕಿ ಯಶ್ವಂತ ಪೂವಮ್ಮನನ್ನು ಕೂರಿಸಿಕೊಂಡು ಹೊರಟ. ಹೆದ್ದಾರಿಯಲ್ಲಿ ಗೇರು ಬದಲಾದದ್ದೇ ತಿಳಿಯಲಿಲ್ಲ. ನಿದ್ದೆಯಲ್ಲಿ ಮಗು ಮಗ್ಗುಲಾದಂತೆ ಒಂದು ಎರಡಾಯಿತು, ಎರಡು ಮೂರಾಯಿತು. ಕಾಲಡಿಯಲ್ಲಿ ಆ ಕಾಲುವೆಗಳೆಲ್ಲ ತನಗಾಗಿ ಹರಿಯುತ್ತಿವೆ ಎಂದು ನೆನೆದಾಗ ಅವನ ಮೈ ಜುಮ್ಮೆಂದಿತು.

ಕರ್ನಲ್ ಇಳಿದವರೇ ಜೀಪನ್ನು ಸುತ್ತು ಹಾಕಿದರು. "ಒಂದು ಗೀರೂ ಇಲ್ಲ. ಪರವಾಗಿಲ್ಲ." ಡ್ರೈವರನ ಬಾಗಿಲ ಬಳಿ ನಿಂತು ಒಂದು ಕ್ಷಣ ಯೋಚಿಸಿ, ಪಕ್ಕದ ಸೀಟಿಗೆ ಹೋದರು. "ನೀನೇ ಓಡಿಸು, ಯಶ್ವಂತ್."

ಹಿಂದಿನ ಸೀಟಿನಿಂದ ಪೂವಮ್ಮ ಗಂಡನ ಭುಜ ಒತ್ತಿದಳು. ಎರಡು ವರ್ಷದಲ್ಲಿ ಅಪ್ಪ ಅವನ ಹೆಸರು ಹಿಡಿದು ಕರೆದದ್ದು ಇದೇ ಮೊದಲು.

ಯಮುನೆಯ ಸೇತುವೆ ಹತ್ತುವಾಗ ಯಶ್ವಂತ ಗಂಟಲು ಸರಿಮಾಡಿಕೊಂಡ. "ಮಾವ, ನಿಮಗೊಂದು ವಿಷಯ ಹೇಳಬೇಕು. ಸಂತೋಷದ್ದೇ."

ಕೆಳಗಿನಿಂದ ಸಣ್ಣಗೆ ಸಿಳ್ಳೆಯಂಥ ಸದ್ದು ಬಂತು. ಕರ್ನಲ್ ಕೈಯೆತ್ತಿ ಅವನ ಮಾತು ನಿಲ್ಲಿಸಿದರು. ಕಿವಿಗೊಟ್ಟು ಕೇಳಿದರು. ಅವರ ಮುಖದ ಬಣ್ಣ ಬದಲಾಯಿತು.

"ಮನೆಯಿಂದ ಎಷ್ಟು ಕಿಲೋಮೀಟರ್ ಓಡಿದೆ?"

"ಹದಿನೇಳು, ಮಾವ."

"ಎಡಕ್ಕೆ ತಗೋ. ಹದಿನೆಂಟಕ್ಕೆ ಎರಡು ಸಲ ಕೆಮ್ಮುತ್ತೆ."

ಜೀಪು ಎರಡು ಸಲ ಕೆಮ್ಮಿತು.

"ಇನ್ನು ಕಾಲು ತೆಗಿ. ತುಳಿದರೂ ಹೋಗಲ್ಲ."

ಹೋಗಲಿಲ್ಲ. ಹಿಂದೆ ನೂರು ಹಾರ್ನುಗಳು ಎದ್ದವು. ಕರ್ನಲ್ ಟಾರ್ಚು ಕೊಟ್ಟರು. "ಅಡಿಗೆ ಹೋಗಿ ನೋಡು. ಎಡಬದಿ, ಬಿಳಿ ಪೇಂಟಿನ ನಂಬರ್. ಕೊನೆಯ ಅಂಕಿ ಕಲಸಿಹೋಗಿರುತ್ತೆ. ಬರೆಯುವಾಗ ಮಳೆ ಬಂತು."

ಯಶ್ವಂತ ಅಂಗಾತ ತೆವಳಿದ. ಕಾದ ಎಣ್ಣೆ ಸೋರಿ ಗ್ರೀಸನ್ನೆಲ್ಲ ತೊಳೆದಿತ್ತು. ದಿನಾ ಬೆಳಗ್ಗೆ ಬಚ್ಚಲಿನ ಬಕೆಟ್ಟಿನ ಮೇಲೆ ನೋಡುವ ನಂಬರು ಅಲ್ಲಿ ಪೂರ್ತಿಯಾಗಿ ಹೊಳೆಯುತ್ತಿತ್ತು. ಕೊನೆಯ ಅಂಕಿ ಕಲಸಿಹೋಗಿತ್ತು.

"ನಾಲ್ಕು ವರ್ಷ," ಎಂದರು ಕರ್ನಲ್, ಅವನು ಹೊರಬಂದಾಗ. "ತಣ್ಣಗಿದ್ದಾಗ ದೇವರು, ಬಿಸಿಯಾದರೆ ದೆವ್ವ. ಯಾವ ಮೇಸ್ತ್ರಿಗೂ ಕಾಯಿಲೆ ಗೊತ್ತಾಗಲಿಲ್ಲ. ಕೊನೆಗೆ ನಾನೇ ತೊಂಬತ್ತಾರರದನ್ನು ತರಿಸಿ, ಹಲ್ಲುಗಾಲಿ ಬದಲಿಸಿ, ಹಳೆಯ ವೈರಿಗೆ ಟೇಪು ಸುತ್ತಿ ಹಾಕಿದೆ. ಇದನ್ನ ಗುಜರಿಯವನಿಗೆ ಪುಕ್ಕಟೆ ಕೊಟ್ಟೆ. ಇನ್ನು ಮುಂದೆ ನನ್ನ ಕಣ್ಣಿಗೆ ಬೀಳಬಾರದು ಅಂತಲೂ ಹೇಳಿದ್ದೆ." ಬಾಗಿ ಜೀಪಿನಡಿ ಇಣುಕಿ ಕೇಳಿದರು, "ತೊಂಬತ್ತಾರು ಎಲ್ಲಿ?"

"ಪ್ಲೇಟ್ ಸುಟ್ಟಿತ್ತು. ಬದಲಿಗೆ ಕೊಟ್ಟುಬಿಟ್ಟೆ, ಮಾವ."

"ಹೊಸ ಪ್ಲೇಟು ನಿನ್ನ ಮಂಚದಡಿ ಟ್ರಂಕಿನಲ್ಲಿತ್ತು."

ಯಶ್ವಂತ ಬೈಗುಳಕ್ಕೆ ಕಾದ. ಬೈಗುಳ ಬರಲಿಲ್ಲ. ಕರ್ನಲ್ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಬೆಳಗ್ಗೆ ಅವನು ಆ ಲೋಹದ ಹಲಗೆಯನ್ನು ನೋಡಿದ್ದು ಹೀಗೆಯೇ.

"ಮೂವತ್ತೆರಡು ವರ್ಷದ ಸರ್ವಿಸಿನಲ್ಲಿ ಕಳೆದದ್ದನ್ನ ಹುಡುಕಿ ತಂದವರನ್ನ ನೋಡಿದ್ದೀನಿ. ಎಸೆದದ್ದನ್ನ ಹುಡುಕಿ ತಂದವನು ನೀನೊಬ್ಬನೇ." ಕೈ ಚಾಚಿದರು. ಯಶ್ವಂತ ಕೀಲಿಕೈ ಕೊಟ್ಟ. "ಪೂವಿ, ಟ್ರಂಕಿನಲ್ಲಿ ಬಿಳಿ ಪೇಂಟ್ ಇನ್ನೂ ಇದೆಯಲ್ಲ?"

"ಇದೆ, ಪಪ್ಪ. ಯಾಕೆ?"

"ಇವನ ಮೇಲೂ ನಂಬರ್ ಬರೆದುಬಿಡೋಣ. ಹೇಗೂ ನನ್ನ ಕೈಬಿಟ್ಟು ಹೋಗುವ ಪೈಕಿ ಅಲ್ಲ."

ಆಗ ಹಿಂದಿನಿಂದ ನೀರಿನ ಟ್ಯಾಂಕರೊಂದು ಬಂದು ಪಕ್ಕದಲ್ಲಿ ನಿಂತಿತು. ಡ್ರೈವರು ತಲೆ ಹೊರಗೆ ಹಾಕಿ ಯಶ್ವಂತನನ್ನು ಗುರುತಿಸಿ ನಕ್ಕ. ನಿನ್ನೆಯ ಹಗ್ಗ ಇನ್ನೂ ಅವನ ಬಳಿಯೇ ಇತ್ತು.

ಟ್ಯಾಂಕರು ಜೀಪನ್ನು ಎಳೆದುಕೊಂಡು ಸೊಸೈಟಿಯ ಗೇಟು ದಾಟಿದಾಗ ಬಾಲ್ಕನಿಗಳಲ್ಲಿ ನಿಂತ ಜನ ನಿನ್ನೆಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ಮರುದಿನ ಬರಬೇಕಿದ್ದ ನೀರು ಒಂದು ದಿನ ಮೊದಲೇ ಬಂದಿತ್ತು.