ಸಿದ್ದಾಪುರದಲ್ಲಿ ಐರ್ಲೆಂಡಿನ ತಾಲೀಮು

ನಮ್ಮ ಭಾವ ಮೂರು ತಿಂಗಳು ಐರ್ಲೆಂಡಿನಲ್ಲಿ ಸಂಸಾರ ಮಾಡಿದ ಮನುಷ್ಯ. ವಿಮಾನ ಹತ್ತಿದ್ದು ಮಾತ್ರ ಅದಾದ ಮೇಲೆ! ಹಾಗಾದರೆ ಆ ಮೂರು ತಿಂಗಳು ಎಲ್ಲಿದ್ದ ಎಂದು ಕೇಳುತ್ತೀರಾ? ಸಿದ್ದಾಪುರದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ, ತನ್ನದೇ ಬಾಡಿಗೆ ಮನೆಯಲ್ಲಿ. ಮನೆ ಅದೇ, ಹೆಂಡತಿ ಅವಳೇ, ಕುಕ್ಕರೂ ಅದೇ. ಬದಲಾದದ್ದು ದರ ಮಾತ್ರ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ದೊಡ್ಡವರು ಹೇಳಿದ್ದಾರೆ. ನಮ್ಮ ಭಾವ ಹಾಸಿಗೆ ಹಾಸುವ ಮೊದಲೇ ಕಾಲು ಮಡಚಿಕೊಂಡವನು.

ಭಾವ ಎಂದರೆ ನನ್ನ ಅಕ್ಕನ ಗಂಡ. ಸಿದ್ದಾಪುರದಲ್ಲಿ ಅವನದೊಂದು ಮೋಟಾರ್ ರಿವೈಂಡಿಂಗ್ ಅಂಗಡಿ. ಸುಟ್ಟುಹೋದ ಪಂಪು, ಮಿಕ್ಸರ್, ಫ್ಯಾನು ಯಾವುದನ್ನಾದರೂ ತನ್ನಿ, ಹಳೆಯ ತಂತಿ ಬಿಚ್ಚಿ, ಎಷ್ಟು ಸುತ್ತು ಇತ್ತೆಂದು ಎಣಿಸಿ, ಅಷ್ಟೇ ಸುತ್ತು ಹೊಸ ತಂತಿ ಸುತ್ತಿ ಕೊಡುತ್ತಾನೆ. ಸುತ್ತು ಕಡಿಮೆಯಾದರೆ ಮೋಟಾರು ಮತ್ತೆ ಸುಡುತ್ತದಂತೆ. ಇಪ್ಪತ್ತು ವರ್ಷ ಹೀಗೆ ಎಣಿಸಿ ಎಣಿಸಿ, ಈಗ ಅವನಿಗೆ ಎಣಿಸದೆ ಯಾವ ಕೆಲಸವೂ ಆಗದು. ಅವನ ಮದುವೆಯಲ್ಲಿ ಸಪ್ತಪದಿ ತುಳಿಯುವಾಗ ಭಟ್ಟರು ಆರನೆಯ ಹೆಜ್ಜೆಯನ್ನೇ ಏಳು ಎಂದುಬಿಟ್ಟರಂತೆ. ಭಾವ ಹೆಂಡತಿಯ ಕೈ ಹಿಡಿದುಕೊಂಡೇ ನಿಂತು ತಿದ್ದಿದನಂತೆ. ಇದು ಸುಳ್ಳೂ ಇರಬಹುದು. ಆದರೆ ನನಗೆ ಹೇಳಿದವರು ಆ ಭಟ್ಟರೇ.

ಅಕ್ಕ ನರ್ಸ್. ಆಸ್ಪತ್ರೆಯೊಂದರಲ್ಲಿ ಹತ್ತು ವರ್ಷ ದುಡಿದು, ಪರೀಕ್ಷೆಯ ಮೇಲೆ ಪರೀಕ್ಷೆ ಬರೆದು, ಕೊನೆಗೊಮ್ಮೆ ಐರ್ಲೆಂಡಿನಲ್ಲಿ ಕೆಲಸ ಗಿಟ್ಟಿಸಿಕೊಂಡಳು. ಗಂಡ, ಮೂರು ವರ್ಷದ ಮಗಳು ಪುಟ್ಟಿ, ಇಬ್ಬರೂ ಜೊತೆಗೆ ಹೋಗಬಹುದು. ಅವಳ ಸಂಬಳವನ್ನು ರೂಪಾಯಿಗೆ ಬದಲಿಸಿ ನೋಡಿದ ದಿನ ಶಿರಸಿಯ ನಮ್ಮ ಮನೆಯಲ್ಲಿ ಪಾಯಸವಾಯಿತು. ಪಾಯಸ ಆರುವುದರೊಳಗೆ ಆನಂದವೂ ಆರಿತು ಅನ್ನಿ! ಅಕ್ಕನ ಹಳೆಯ ಗೆಳತಿಯೊಬ್ಬಳು, ಅವಳೂ ನರ್ಸ್, ಆಗಲೇ ಅಲ್ಲಿದ್ದಳು. ಅವಳು ಅಲ್ಲಿಯ ಅಂಗಡಿ ಬಿಲ್ಲುಗಳ ಫೋಟೋ ತೆಗೆದು ವಾಟ್ಸಾಪಿಗೆ ಕಳಿಸತೊಡಗಿದಳು. ಮನೆ ಬಾಡಿಗೆಗೇ ಅರ್ಧ ಸಂಬಳ. ಆಮೇಲೆ ಕರೆಂಟು, ಬಸ್ಸು, ಫೋನು, ಮನೆ ಬೆಚ್ಚಗಿಡುವ ಗ್ಯಾಸು. ಇಷ್ಟನ್ನು ಹೇಗೋ ತೂಗಿಸಬಹುದಿತ್ತು. ಆದರೆ ಗಂಡ ಹೆಂಡತಿ ಇಬ್ಬರೂ ದುಡಿಯಲು ಹೊರಟರೆ ಮಗುವನ್ನು ಡೇಕೇರಿಗೆ ಬಿಡಬೇಕು. ಆ ಡೇಕೇರಿನ ದುಡ್ಡು ಎಂದರೆ ಹೆಚ್ಚುಕಡಿಮೆ ಇನ್ನೊಂದು ಮನೆಯ ಬಾಡಿಗೆ.

ನಮ್ಮ ಮನೆಯಲ್ಲಿ ಸಭೆ ಸೇರಿತು. ಸಭೆ ಎಂದರೆ ಅಕ್ಕ, ಭಾವ, ನಾನು, ಮತ್ತು ಆಯಿ, ಅಂದರೆ ನಮ್ಮ ಅಮ್ಮ. ಮಧ್ಯದಲ್ಲಿ ಒಂದು ಬಟ್ಟಲು ಬಾಳೆಕಾಯಿ ಚಿಪ್ಸು. ಅಲ್ಲಿ ಕಾಲೂರುವವರೆಗೆ, ಎರಡು ವರ್ಷದ ಮಟ್ಟಿಗೆ, ಪುಟ್ಟಿ ಅಜ್ಜಿಯ ಹತ್ತಿರವೇ ಇರಲಿ ಎಂದು ತೀರ್ಮಾನವಾಯಿತು. ಅಕ್ಕ ಅತ್ತಳು, ಒಪ್ಪಿದಳು. ಆಯಿಗಂತೂ ಒಳಗೊಳಗೇ ಹಬ್ಬ. ಮರುದಿನವೇ ಹೋಗಿ ಬಾಲವಾಡಿಯ ಟೀಚರನ್ನು ಮಾತಾಡಿಸಿ ಬಂದಳು. ಭಾವ ಮಾತ್ರ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಹೊರಡುವಾಗ ಚಪ್ಪಲಿ ಮೆಟ್ಟುತ್ತ, "ನೋಡನ. ಇನ್ನೂ ಮೂರೂವರೆ ತಿಂಗಳು ಇದ್ದು" ಎಂದ.

ನೋಡಿದ್ದು ಹೇಗೆ ಅಂತೀರಿ? ಶಿರಸಿಯಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಆ ಸೋಮವಾರವೇ ಭಾವ ಅಲ್ಲಿಗೆ ಬಂದು ಮೂರು ಪುಟದ ದರಪಟ್ಟಿ ಕೊಟ್ಟು, ಲ್ಯಾಮಿನೇಶನ್ ಮಾಡಿಕೊಡು ಎಂದ. ಸೌತೆಕಾಯಿಯಿಂದ ಹಿಡಿದು ಚೌರದವರೆಗೆ ಎಲ್ಲದಕ್ಕೂ ಐರ್ಲೆಂಡಿನ ದರ ಅದರಲ್ಲಿತ್ತು. ಜೊತೆಗೆ ಹಳೆಯ ಮದುವೆ ಕರೆಯೋಲೆಗಳ ಒಂದು ದೊಡ್ಡ ಕಟ್ಟು ತಂದಿದ್ದ. ಅವನ್ನು ನನ್ನ ಕಟಿಂಗ್ ಮಶಿನ್ನಿನಲ್ಲಿ ಚೀಟಿಗಳಾಗಿ ಕತ್ತರಿಸಿ, ಒಂದೊಂದರ ಹಿಂದೂ ಒಂದು, ಐದು, ಹತ್ತು, ಐವತ್ತು ಎಂದು ಬರೆದ. ಅವೇ ಯೂರೋ! ಅಕ್ಕನ ಸಂಬಳ, ತನಗೆ ಸಿಗಬಹುದಾದ ಕೂಲಿ ಎರಡೂ ಸೇರಿ ತಿಂಗಳಿಗೆ ಎಷ್ಟೋ ಅಷ್ಟು ಯೂರೋ. ಒಂದರ ಮೇಲೆ ಗಣಪತಿಯ ಸೊಂಡಿಲು, ಇನ್ನೊಂದರ ಮೇಲೆ 'ಉಡುಗೊರೆ ತರಬಾರದಾಗಿ ವಿನಂತಿ'.

ನಿಯಮ ಸರಳ. ಸಿದ್ದಾಪುರದಲ್ಲಿ ಏನೇ ಕೊಂಡರೂ ರೂಪಾಯಿ ಅಂಗಡಿಯವನಿಗೆ, ಐರ್ಲೆಂಡಿನ ದರದಷ್ಟು ಚೀಟಿ ಮನೆಯ ಬಿಸ್ಕತ್ತಿನ ಡಬ್ಬಿಗೆ. ಬಾಡಿಗೆಯ ಚೀಟಿ ಒಂದನೇ ತಾರೀಖಿಗೇ ಡಬ್ಬಿಗೆ. ಡೇಕೇರಿನ ಚೀಟಿಗಳನ್ನು ಬೇರೆಯಾಗಿ ಕೆಂಪು ದಾರ ಸುತ್ತಿ ದೇವರ ಫೋಟೋದ ಹಿಂದೆ ಇಡುವುದು. ಆ ಕಟ್ಟನ್ನು ಬಿಚ್ಚದೆ ಸಂಸಾರ ಸಾಗಿದರೆ ಪುಟ್ಟಿ ಐರ್ಲೆಂಡಿಗೆ. ಬಿಚ್ಚಬೇಕಾಗಿ ಬಂದರೆ ಪುಟ್ಟಿ ಶಿರಸಿಗೆ. ಮಳೆಯ ತಾಲೀಮು ಮಾತ್ರ ಬೇಡವೆಂದ. ಅಲ್ಲಿ ವರ್ಷವಿಡೀ ಮಳೆಯಂತೆ; ಆ ವಿಷಯದಲ್ಲಿ ಐರ್ಲೆಂಡಿನವರೇ ಬಂದು ನಮ್ಮಲ್ಲಿ ಕಲಿಯಬೇಕು ಎಂಬುದು ಅವನ ವಾದ.

ಮೊದಲ ತಿಂಗಳ ಚೀಟಿಗಳು ಹನ್ನೆರಡನೇ ತಾರೀಖಿಗೆ ಖಲಾಸ್. ಕಾರಣ ಏನು ಗೊತ್ತೇ? ಕರಿಬೇವು! ಪಕ್ಕದ ಮನೆಯ ಗಿಡದಿಂದ ಅಕ್ಕ ದಿನಾ ಎರಡೆಸಳು ಮುರಿದು ತರುತ್ತಿದ್ದಳು. ತಂದಾಗಲೆಲ್ಲ ಡಬ್ಬಿಗೆ ಎರಡು ಯೂರೋ. ಅವರು ಪುಕ್ಕಟೆ ಕೊಡುತ್ತಾರಲ್ಲ ಎಂದು ಅಕ್ಕ ಜಗಳಕ್ಕೆ ನಿಂತರೆ, ಪಕ್ಕದ ಮನೆಯವರನ್ನೂ ಸೂಟ್‌ಕೇಸಿನಲ್ಲಿ ಹಾಕಿಕೊಂಡು ಹೋಗುತ್ತೀಯಾ ಎಂದು ಭಾವನ ಮರುಪ್ರಶ್ನೆ. ಅದಾದ ಮೇಲೆ ಒಗ್ಗರಣೆಗೆ ಎರಡೇ ಎಲೆ. ಅವನ್ನೂ ತಂಬುಳಿಯಿಂದ ಎತ್ತಿ ತೊಳೆದು ರಾತ್ರಿಯ ಸಾರಿಗೆ ಇಡುತ್ತಿದ್ದನಂತೆ. ಇದು ಅಕ್ಕ ಹೇಳಿದ್ದು, ಪೂರ್ತಿ ನಂಬಬೇಡಿ.

ಚೀಟಿ ಮುಗಿದ ಮೇಲೆ ಕೆಂಪು ದಾರಕ್ಕೆ ಕೈ ಹಾಕಬೇಕಲ್ಲ? ಹಾಕಲಿಲ್ಲ. ಮನೆಯಲ್ಲಿ ಉಳಿದಿದ್ದ ಆಲೂಗಡ್ಡೆ ಬೇಯಿಸಿಕೊಂಡು ತಿಂದ. ಅಕ್ಕ ಮಗಳನ್ನು ಎತ್ತಿಕೊಂಡು ನಾಲ್ಕು ದಿನಕ್ಕೆಂದು ನೇರ ನಮ್ಮ ಮನೆಗೆ ಬಂದಳು. ಬಿಡಲು ಬಂದ ಭಾವ ಗೇಟಿನ ಹೊರಗೇ ನಿಂತ. ಐರ್ಲೆಂಡಿನಲ್ಲಿ ಅತ್ತೆ ಮನೆ ಇಲ್ಲ, ಒಳಗೆ ಬಂದರೆ ತಾಲೀಮು ಕೆಡುತ್ತದೆ ಎಂದ. ಬಾಗಿಲಿಗೆ ಬಂದವರನ್ನು ಆಸ್ರಿಗೆ ಏನು ಬೇಕೆಂದು ಕೇಳದೆ, ಬಾಯಾರಿಕೆಗೆ ಏನಾದರೂ ಕುಡಿಸದೆ ಕಳಿಸುವ ರೂಢಿ ನಮ್ಮಲ್ಲಿಲ್ಲ. ಅದರಲ್ಲೂ ಅಳಿಯ! ಆಯಿ ಮಜ್ಜಿಗೆಯ ಚೊಂಬು ಹಿಡಿದು ಗೇಟಿಗೇ ಹೋದಳು. ಭಾವ ಚೀಲದಿಂದ ದರಪಟ್ಟಿ ತೆಗೆದು, ಮೂರು ಪುಟವನ್ನೂ ಮೇಲಿಂದ ಕೆಳಗೆ ನೋಡಿದ. ಹಾಲು ಇತ್ತು, ಮೊಸರು ಇತ್ತು, ಮಜ್ಜಿಗೆ ಇರಲಿಲ್ಲ. ಪಟ್ಟಿಯಲ್ಲಿ ಇಲ್ಲದ್ದಕ್ಕೆ ದರವೂ ಇಲ್ಲ ಎಂದು ತೀರ್ಪು ಕೊಟ್ಟು ಮೂರು ಚೊಂಬು ಕುಡಿದು ಹೋದ.

ಎರಡನೇ ತಿಂಗಳ ಸಮಸ್ಯೆ ತಲೆಗೂದಲು. ಒಂದು ಚೌರಕ್ಕೆ ಇಪ್ಪತ್ತು ಯೂರೋ. ಅಷ್ಟು ದುಡ್ಡಿಗೆ ಸಿದ್ದಾಪುರದಲ್ಲಿ ಒಂದು ಓಣಿಯ ಗಂಡಸರಿಗೆಲ್ಲ ಚೌರ ಮಾಡಿಸಬಹುದು. ಭಾವ ಕತ್ತರಿಯನ್ನು ಅಕ್ಕನ ಕೈಗೆ ಕೊಟ್ಟು ಸ್ಟೂಲಿನ ಮೇಲೆ ಕುಳಿತ. ಅಕ್ಕನಿಗೆ ಕೂದಲು ತೆಗೆದು ಗೊತ್ತಿಲ್ಲವೆಂದಲ್ಲ. ಆದರೆ ಅವಳಿಗೆ ಗೊತ್ತಿದ್ದದ್ದು ಆಪರೇಶನ್ನಿಗೆ ಮುಂಚೆ ರೋಗಿಗಳಿಗೆ ತೆಗೆಯುವ ವಿಧಾನ! ಮರುದಿನ ಅಂಗಡಿಗೆ ಬಂದ ಗಿರಾಕಿಗಳೆಲ್ಲ ಎಷ್ಟು ಹೊಲಿಗೆ ಬಿತ್ತು ಎಂದು ವಿಚಾರಿಸಿ ಹೋದರು. ಒಬ್ಬರು ಎಳನೀರು ತಂದುಕೊಟ್ಟರು. ಎಳನೀರು ಪಟ್ಟಿಯಲ್ಲಿತ್ತು. ಆದರೆ ರೋಗಿಗೆಂದು ತಂದದ್ದಕ್ಕೆ ಚೀಟಿ ಹಾಕಬೇಕಾಗಿಲ್ಲ ಎಂದು ಭಾವನೇ ನಿಯಮ ತಿದ್ದಿಕೊಂಡ.

ಖರ್ಚಿನ ತಾಲೀಮಾದ ಮೇಲೆ ಆದಾಯದ ತಾಲೀಮು ಬೇಡವೇ? ಅಲ್ಲಿ ರಿಪೇರಿಯವರಿಗೆ ಗಂಟೆಗಿಷ್ಟು ಎಂದು ಕೊಡುತ್ತಾರಂತೆ, ಮನೆಗೆ ಬಂದು ಬೆಲ್ ಒತ್ತಿದ್ದಕ್ಕೇ ಬೇರೆ ದುಡ್ಡಂತೆ. ಇದನ್ನು ಕೇಳಿದ ದಿನ ಭಾವನ ಎದೆ ಎರಡಿಂಚು ಉಬ್ಬಿತು. ಮಿಕ್ಸರ್ ತಂದಿದ್ದ ಪಾಪದ ಮಾಸ್ತರರೊಬ್ಬರಿಗೆ ಐರ್ಲೆಂಡಿನ ದರದಲ್ಲಿ ಬಿಲ್ ಬರೆದು ಕೊಟ್ಟ. ನಿಜವಾಗಿ ಕೊಡಬೇಕಾಗಿಲ್ಲ, ಸುಮ್ಮನೆ ಓದಿ ನೋಡಿ ಅನ್ನುವುದರೊಳಗೆ ಅವರು, ಮಿಕ್ಸರ್ ನಿಮಗೇ ಇರಲಿ, ಮೇಲೆ ಇನ್ನೂರು ರೂಪಾಯಿ ಕೊಡುತ್ತೇನೆ, ನನ್ನನ್ನು ಬಿಟ್ಟುಬಿಡಿ ಎಂದರಂತೆ.

ಯಲ್ಲಾಪುರದ ಮದುವೆಯ ಕತೆ ಹೇಳದಿದ್ದರೆ ನನಗೆ ಪಾಪ ಬರುತ್ತದೆ. ದೂರದ ಸಂಬಂಧಿಕರ ಮದುವೆ, ನಾನೂ ಹೋಗಿದ್ದೆ. ಊಟದ ಪಂಕ್ತಿಯಲ್ಲಿ ಭಾವನ ಪಕ್ಕ ಒಬ್ಬ ಅಜ್ಜ ಕುಳಿತಿದ್ದರು. ಬಡಿಸಿದ ಒಂದೊಂದಕ್ಕೂ ಭಾವ ಅವರಿಗೆ ದರ ಹೇಳತೊಡಗಿದ. ಕೋಸಂಬರಿಗೆ ಇಷ್ಟು, ಪಲ್ಯಕ್ಕೆ ಇಷ್ಟು, ಅಪ್ಪೆಹುಳಿ ದುಡ್ಡು ಕೊಟ್ಟರೂ ಸಿಗುವುದಿಲ್ಲ, ಹೋಳಿಗೆ ಒಂದಕ್ಕೆ ಇನ್ನೂರೈವತ್ತು ರೂಪಾಯಿ. ಅಜ್ಜನ ಕಿವಿ ಸ್ವಲ್ಪ ಮಂದ. ಅವರಿಗೆ ದರ ಕೇಳಿಸಿತು, ಐರ್ಲೆಂಡು ಕೇಳಿಸಲಿಲ್ಲ. ಎರಡನೇ ಹೋಳಿಗೆಗೆ ಚಾಚಿದ ಕೈ ಹಿಂದೆಗೆದುಕೊಂಡು, ಆಚೆ ಪಕ್ಕದವರಿಗೆ ಮೆಲ್ಲಗೆ ವಿಷಯ ಮುಟ್ಟಿಸಿದರು. ಅವರು ಅವರಾಚೆಯವರಿಗೆ. ಹೋಳಿಗೆಯ ಬುಟ್ಟಿ ಹಿಡಿದು ಬಂದವನಿಗೆ ಇಡೀ ಪಂಕ್ತಿ ಎಲೆಯ ಮೇಲೆ ಕೈ ಅಡ್ಡ ಹಿಡಿಯಿತು! ಅಡಿಗೆಯಲ್ಲಿ ಏನು ತಪ್ಪಾಯಿತೋ ಎಂದು ಹುಡುಗಿಯ ಅಪ್ಪ ಓಡಿ ಬಂದರು. ಆಗ ಇಡೀ ಪಂಕ್ತಿಯಲ್ಲಿ ಹೋಳಿಗೆ ತಿನ್ನುತ್ತಿದ್ದವನು ಭಾವ ಒಬ್ಬನೇ, ಅದೂ ಆರನೆಯದು. ಇಷ್ಟು ಬೆಲೆಯ ಪದಾರ್ಥವನ್ನು ಬೇಡ ಅನ್ನುವುದು ಹೇಗೆ ಎಂದ.

ಇಷ್ಟೆಲ್ಲ ನಾವು ನಕ್ಕದ್ದಕ್ಕೆ ಲೆಕ್ಕವಿಲ್ಲ. ಆದರೆ ಮೂರನೇ ತಿಂಗಳ ಹೊತ್ತಿಗೆ ನನ್ನ ನಗು ಸ್ವಲ್ಪ ತಗ್ಗಿತ್ತು. ಭಾವ ಚಹಾ ಬಿಟ್ಟಿದ್ದ. ಪೇಪರ್ ಬಿಟ್ಟಿದ್ದ. ಅಂಗಡಿಗೆ ನಡೆದೇ ಹೋಗುತ್ತಿದ್ದ. ತಿಂಗಳು ಮುಗಿಯಲು ಐದು ದಿನವಿತ್ತು, ಕೈಯಲ್ಲಿ ಇನ್ನೂ ಚೀಟಿ ಉಳಿದಿತ್ತು, ಕೆಂಪು ದಾರದ ಕಟ್ಟು ದೇವರ ಹಿಂದೆ ಹಾಗೇ ಇತ್ತು. ಗೆದ್ದೇಬಿಡುತ್ತಾನೆ ಎಂದು ಅಕ್ಕ ಫೋನಿನಲ್ಲಿ ಹೇಳುವಾಗ ಅವಳ ಧ್ವನಿಯಲ್ಲಿ ಬೇರೆಯೇ ಉತ್ಸಾಹ. ಆಯಿ ಮಾತ್ರ ಆ ಸುದ್ದಿ ಕೇಳಿ ಒಳಗೆ ಎದ್ದು ಹೋದಳು.

ಆಗಲೇ ಅವನ ಹಲ್ಲು ಮುರಿಯಿತು. ಎಲ್ಲ ಚಟ ಬಿಟ್ಟ ಮಹಾನುಭಾವ ಎಲೆಯಡಿಕೆಯ ಕವಳ ಒಂದನ್ನು ಬಿಟ್ಟಿರಲಿಲ್ಲ. ಗಟ್ಟಿ ಅಡಿಕೆಯ ಹೋಳು ಕಡಿದು ದವಡೆ ಹಲ್ಲು ಎರಡು ಚೂರಾಯಿತು. ಸಿದ್ದಾಪುರದ ದಂತವೈದ್ಯರು ತೆಗೆದುಕೊಂಡದ್ದು ಕೆಲವು ನೂರು ರೂಪಾಯಿ. ಪಟ್ಟಿಯಲ್ಲಿ ಹಲ್ಲಿನ ದರ ನೋಡಿದರೆ, ಉಳಿದ ಚೀಟಿ ಎಲ್ಲಿಗೂ ಸಾಲದು, ಕೆಂಪು ದಾರವನ್ನೇ ಬಿಚ್ಚಬೇಕು. ಇದನ್ನು ನೋಡಿದವರು ಯಾರು, ಬಿಟ್ಟುಬಿಡು, ಇದು ಲೆಕ್ಕಕ್ಕಿಲ್ಲ ಎಂದು ಅಕ್ಕ ಗೋಗರೆದಳು. ನಾನೂ ಅದನ್ನೇ ಹೇಳಿದೆ. ಊದಿದ ಕೆನ್ನೆಯ ಮೇಲೆ ಕೈಯಿಟ್ಟುಕೊಂಡು ಭಾವ ದಾರ ಬಿಚ್ಚಿದ. "ಸುತ್ತು ಕಡಿಮೆ ಹಾಕಿರೆ ಮೋಟಾರಿಗೆ ಗೊತ್ತಾಗ್ತು" ಎಂದ.

ಹೊರಡಲು ಎರಡು ವಾರ ಉಳಿದಿತ್ತು. ಪುಟ್ಟಿ ಇಲ್ಲೇ ಇರುವುದೆಂದು ನಿಶ್ಚಯವಾಯಿತಲ್ಲ, ಹಾಗಾದರೆ ಅದಕ್ಕೂ ತಾಲೀಮು ಬೇಕು ಎಂದ ಭಾವ. ಒಂದು ಶನಿವಾರ ಮಧ್ಯಾಹ್ನ ಅವಳನ್ನು ಕರೆತಂದು, ವಾರದ ಮಟ್ಟಿಗೆ ಇರಲಿ ಎಂದು ನಮ್ಮಲ್ಲಿ ಬಿಟ್ಟ. ಪುಟ್ಟಿಗೇನು, ಅಜ್ಜಿ ಕೊಟ್ಟ ಗರಿಗರಿ ಸಿಹಿ ತೊಡದೇವು ಕಡಿಯುತ್ತ ಜಗಲಿಯ ಮೇಲೆ ಆಡಿಕೊಂಡಿದ್ದಳು. ಆಯಿಯೂ ನಾನೂ ಬಸ್‌ಸ್ಟ್ಯಾಂಡಿನವರೆಗೆ ಅವಳನ್ನು ಎತ್ತಿಕೊಂಡು ಹೋಗಿ ಭಾವನನ್ನು ಬಸ್ಸು ಹತ್ತಿಸಿ ಬಂದೆವು. ಭಾವ ಕಿಟಕಿಯ ಪಕ್ಕ ಕುಳಿತವನು ತಿರುಗಿ ನೋಡಲಿಲ್ಲ.

ಮರುದಿನ ಬೆಳಿಗ್ಗೆ ನಾನು ಅಂಗಳದಲ್ಲಿ ಹಲ್ಲುಜ್ಜುತ್ತಿದ್ದೆ. ಸಿದ್ದಾಪುರದ ಮೊದಲ ಬಸ್ಸಿಗೆ ಬಂದಿಳಿದ ಭಾವ ಗೇಟು ತೆಗೆದು ಒಳಗೆ ಬಂದ. ಐರ್ಲೆಂಡಿನಲ್ಲಿ ವಾರಕ್ಕೆ ಒಂದೇ ದಿನವೋ ಎಂದು ಕೇಳಬೇಕೆಂದಿದ್ದೆ, ಮುಖ ನೋಡಿ ಬಾಯಿ ಮುಕ್ಕಳಿಸತೊಡಗಿದೆ. ಆಯಿ ಹೊರಗೆ ಬಂದಳು.

"ಅತ್ತೆ, ಬಾಕಿ ಎಲ್ಲ ರೂಢಿ ಆಗ್ತು," ಎಂದ ಭಾವ. "ಇದೊಂದು ಯನ್ನತ್ರ ಆಗ್ತಿಲ್ಲೆ."

ಆಯಿ ಒಳಗೆ ಹೋಗಿ ಪುಟ್ಟಿಯ ಚೀಲ ತಂದು ಜಗಲಿಯ ಮೇಲಿಟ್ಟಳು. ಅಂಗಿಗಳನ್ನೆಲ್ಲ ಮಡಚಿ ತುಂಬಿಯಾಗಿತ್ತು. ಹಿಂದಿನ ಸಂಜೆಯೇ, ಬಸ್‌ಸ್ಟ್ಯಾಂಡಿನಿಂದ ಬಂದವಳೇ ಅದನ್ನು ಕಟ್ಟಿಟ್ಟಿದ್ದಳೆಂದು ನನಗೂ ಆಗಲೇ ಗೊತ್ತಾದದ್ದು. ಅಕ್ಕ ಹಗಲು ಕೆಲಸಕ್ಕೆ ಹೋದರೆ ತಾನು ರಾತ್ರಿಪಾಳಿಗೆ ಹೋಗಬಹುದು, ಡೇಕೇರ್ ಅರ್ಧ ದಿನಕ್ಕೆ ಸಾಕಾಗಬಹುದು ಎಂದು ಭಾವ ಬಸ್ಸಿನಲ್ಲಿ ಹಾಕಿದ ಲೆಕ್ಕವನ್ನೆಲ್ಲ ಹೇಳತೊಡಗಿದ. ಆಯಿ ನಡುವೆಯೇ ತಡೆದಳು.

"ಎರಡು ವರ್ಷ ಹೇಳಿರೆ ಯಂಗೆ ಎಂತೂ ಅಲ್ಲ. ಕೂಸಿಗೆ ಈಗ ಮೂರೇ ವರ್ಷ. ಅದಕ್ಕೆ ಎರಡು ವರ್ಷ ಹೇಳಿರೆ ಹತ್ರಹತ್ರ ಒಂದು ಜನ್ಮ. ಕರ್ಕಂಡು ಹೋಗಿ."

ಲೆಕ್ಕದಲ್ಲಿ ಭಾವನನ್ನು ಸೋಲಿಸಿದವರನ್ನು ನಾನು ನೋಡಿದ್ದು ಅದೇ ಮೊದಲು. ಅವನು ಒಳಗೆ ಹೋಗಿ, ಇನ್ನೂ ನಿದ್ದೆಯಲ್ಲಿದ್ದ ಮಗಳ ಪಕ್ಕ ನೆಲದ ಮೇಲೆ ಕುಳಿತ. ಅವಳನ್ನು ಎಬ್ಬಿಸಲಿಲ್ಲ. ಆಯಿ ದೋಸೆ ಎರೆಯಲು ಅಡಿಗೆಮನೆಗೆ ಹೋದಳು, ಬಹಳ ಹೊತ್ತು ನಮ್ಮ ಕಡೆ ತಿರುಗಲಿಲ್ಲ. ಆ ದಿನ ದೋಸೆಗೆ ಉಪ್ಪೇ ಬಿದ್ದಿರಲಿಲ್ಲ. ನಾನೂ ಭಾವನೂ ದಿನಕ್ಕಿಂತ ಎರಡೆರಡು ಹೆಚ್ಚೇ ತಿಂದೆವು.