ಕಾಕಾನ ರೈಫಲ್ಲಿನ ಟ್ರಿಗರ್

ಕದ್ವಾಡದ ನಮ್ಮ ಕಾಕಾನಷ್ಟು ಅಪಾಯಕಾರಿ ಬಂದೂಕುಧಾರಿ ಇಡೀ ಕಾರವಾರ ತಾಲೂಕಿನಲ್ಲೇ ಇಲ್ಲ! ಅಪಾಯ ಮಂಗಗಳಿಗಲ್ಲ, ಅವರ ಮನೆಗೆ ಹೋದವರಿಗೆ. ಚಪ್ಪಲಿ ಬಿಡುವ ಮೊದಲೇ ಖಾಲಿ ಏರ್ ರೈಫಲ್ಲನ್ನು ಕೈಗಿಟ್ಟು, "ಟ್ರಿಗರ್ ಎಳ್ದು ನೋಡೆ, ನಿನ್ನೆ ಇದ್ದಂಗೇ ಅದ್ಯಾ?" ಎನ್ನುತ್ತಾರೆ. ನಿನ್ನೆ ನಾನು ಅಂಕೋಲೆಯಲ್ಲಿದ್ದೆ ಎಂದರೆ ಕೇಳುವವರು ಯಾರು?

ಮಂಗ ಓಡಿಸಲೆಂದು ತಂದ ರೈಫಲ್ ಅದು. ಹಿತ್ತಲ ತೆಂಗಿನ ಮರಕ್ಕೆ ಒಂದು ತಗಡಿನ ಡಬ್ಬ ಕಟ್ಟಿದೆ. ಅದಕ್ಕೆ ಹೊಡೆದರೆ 'ಟಣ್' ಎಂದು ಸದ್ದಾಗಿ ಮಂಗಗಳು ಓಡಬೇಕು. ಆದರೆ ಕಾಕಾ ಹೊಡೆದರೆ ತಾನೆ! ಒಂಟಿ ಮನುಷ್ಯ, ಬೆಳಿಗ್ಗೆ ಜಗಲಿಯಲ್ಲಿ ಕೂತರೆ ಸ್ಕ್ರೂ ತಿರುಗಿಸುವುದೇ ಕೆಲಸ. ಟ್ರಿಗರ್ ದಿನಾ ಬೆರಳಿನ ಒಂದೇ ಭಾರಕ್ಕೆ ಬಿಡಬೇಕು, ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಆಗಬಾರದು. ಉಪ್ಪುಗಾಳಿ ಬಿಡಬೇಕಲ್ಲ! ಇವತ್ತು ಸರಿಮಾಡಿದ್ದು ನಾಡಿದ್ದಿಗೆ ತುಕ್ಕು ಹಿಡಿದು ಬಿಗಿ. ಎಣ್ಣೆ ಬಿಟ್ಟರೆ ಸಡಿಲ. ಅಷ್ಟರಲ್ಲಿ ಮಂಗಗಳು ಎಳನೀರು ಮುಗಿಸಿ ಹೋಗಿರುತ್ತವೆ.

ಭಾರ ಅಳೆಯಲು ಬೈತಖೋಲ ಬಂದರಿನಿಂದ ಮೀನು ತೂಗುವ ಕೊಕ್ಕೆಯ ಕಾಟಾ ತಂದರು. ಕೊಕ್ಕೆಯನ್ನು ಟ್ರಿಗರಿಗೆ ಸಿಕ್ಕಿಸಿ ಎಳೆಯುವುದು, ಮುಳ್ಳು ನೋಡುವುದು. ಒಂದು ದಿನ ಮೀನು ಮಾರಲು ಬಂದವಳು ಬುಟ್ಟಿ ಇಳಿಸಿ ನೋಡುತ್ತ ನಿಂತಳು.

"ಎಂತಾ ಅಣ್ಣಾ, ಬಂದೂಕು ಎಷ್ಟ್ ಕಿಲೋ ಬಂತು?"

"ಬಂದೂಕಲ್ವೇ, ಬೆರಳಿನ ಬಲ ತೂಗ್ತೆ."

"ಬೆರಳಿನ ಬಲದ್ದು ಸಾರು ಮಾಡೂಕೆ ಬತ್ತದ್ಯಾ? ಬಾಂಗಡೆ ತಗಳಿ!"

ಬಾಂಗಡೆಯನ್ನೇನೋ ತೆಗೆದುಕೊಂಡರು. ತೆಗೆದುಕೊಂಡು ಜಗಲಿಯಲ್ಲಿಟ್ಟು ಮತ್ತೆ ಸ್ಕ್ರೂ ಹಿಡಿದರು. ಕಾಟಾ ರೈಫಲ್ಲಿಗೆ ನೇತಾಡುತ್ತಿತ್ತಲ್ಲ, ಬಾಂಗಡೆಯನ್ನು ಬೆಕ್ಕೇ ತೂಗಿತು!

ಹೋದ ತಿಂಗಳು ನನಗೆ ಸಿಟ್ಟೇ ಬಂತು. ಟ್ರಿಗರ್ ತೀರಾ ಹಗುರ. ಬೆರಳು ತಾಗಿದರೆ ಸಾಕು, ಬಿಡುತ್ತದೆ.

"ನಿಮ್ಮ ಕೈ ಗಟ್ಟಿ ಅದ್ಯಲ್ಲ ಕಾಕಾ, ಇಷ್ಟ್ ಹಗುರ ಎಂತಕ್ಕೆ? ಬಿಗಿ ಮಾಡಿ ಇಟ್ಬಿಡಿ, ರಗಳೆ ಮುಗೀತದೆ."

ಕಾಕಾ ಸ್ಕ್ರೂಡ್ರೈವರ್ ಕೆಳಗಿಟ್ಟರು.

"ಡಬ್ಬಕ್ಕೆ ಹೊಡೆಯೂದು ನಿನ್ನ ಕಾಕಿ ಅಲ್ವನೇ. ಅವ್ಳ ಬೆರಳಿನ ಗಂಟು ಬಾತ್ಕಂಡಿತ್ತು. ಇದ್ಕಿಂತ ಬಿಗಿ ಆದ್ರೆ ನೋವಾತಿತ್ತು ಅವ್ಳಿಗೆ."

ಕಾಕಿ ತೀರಿಕೊಂಡು ಎರಡು ಮಳೆಗಾಲ ಕಳೆದಿದೆ.

"ಕಾಟಾದ ಮುಳ್ಳಿಗೂ ತುಕ್ಕು ಹಿಡೀತು," ಎಂದರು ಕಾಕಾ. "ಅವ್ಳಿಗೆ ಎಷ್ಟ್ ಸಾಕಿತ್ತು ಅಂತ ನನ್ನ ಕೈಗೇ ಮರ್ತು ಹೋದ್ರೆ?"

ಇದನ್ನು ಕೇಳಲು ಆ ಮನೆಯಲ್ಲಿ ಅವರಿಗೆ ಇನ್ನೊಂದು ಜೀವವಿರಲಿಲ್ಲ. ರೈಫಲ್ಲನ್ನು ನಾನೇ ತೆಗೆದುಕೊಂಡು ಮೆಲ್ಲಗೆ ಎಳೆದೆ. ಯಾವ ಕೊರತೆಯೂ ಕಾಣಲಿಲ್ಲ.

"ಇವತ್ತು ಸರಿ ಅದೆ ಕಾಕಾ. ಐತವಾರ ಬತ್ತೆ, ಮತ್ತೆ ಎಳ್ದು ನೋಡ್ವಾ."

ಕಾಕಾ ನನ್ನ ಬೆರಳನ್ನೇ ನೋಡುತ್ತಿದ್ದರು. ಆಮೇಲೆ ಜಗಲಿಯ ಮೇಲೆ ಸ್ವಲ್ಪ ಸರಿದು ಜಾಗ ಬಿಟ್ಟರು.

"ಈ ಬದಿಗೆ ಬಾ ಮಗಳೇ. ಅವ್ಳು ಇಲ್ಲೇ ಕೂತ್ಕಂತಿದ್ಲು."