ಬಾಣಂತನಕ್ಕ ಹೋದ ಕಾಕಾ

ನಮ್ಮ ಕಾಕಾ ಬಾಣಂತನಕ್ಕ ಅತ್ತಿ ಮನಿಗೆ ಹೋಗಿದ್ದ. ತಪ್ಪು ಓದಿದೆ ಅನಕೊಂಡು ಮತ್ತೊಮ್ಮೆ ಓದಬ್ಯಾಡ್ರಿ, ನಾ ಬರದದ್ದು ಸರಿ ಐತಿ. ಹೆಂಡ್ತೀನ ಬಿಟ್ಟು ಬರಾಕ ಹೋಗಿದ್ದಲ್ಲ. ಹೆಂಡ್ತೀನ ಸಂಗಾಟ ಕರಕೊಂಡು, ತಾನ ಬಾಣಂತಿ ಆಗಿ ಹೋಗಿದ್ದ.

ಕಾಕಾ ದೇವರ ಹಿಪ್ಪರಗಿಯಿಂದ ಸಿಂದಗಿಗೆ ಟಂಟಂ ಹೊಡಿತಾನ. ಉಳಿದವರು ಸೀಟು ತುಂಬದ ಹೊರತು ಗಾಡಿ ಬಿಡಂಗಿಲ್ಲ. ಇಂವ ಒಬ್ಬನ ಇದ್ರೂ ಬಿಡ್ತಾನ, ಮಾತಾಡಾಕ ಮನಷಾ ಸಿಕ್ಕನಲ್ಲ ಅಂತ. ಇವಗ ಎರಡು ಹೆಣ್ಮಕ್ಕಳು. ಎರಡನೇದು ಹುಟ್ಟುವಾಗ ನಮ್ಮ ಕಾಕುನ, ಅಂದ್ರ ಅವನ ಹೆಂಡ್ತೀನ, ವಿಜಯಪುರಕ್ಕ ಒಯ್ದು ರಕ್ತ ಹಾಕಿಸಿ ಬದುಕಿಸಿಕೊಂಡು ಬಂದ್ರು. ಅವತ್ತಿನಿಂದ ಅಕಿ ಮಾರಿ ಬಿಳಚಿಕೊಂಡದ್ದು ಬಿಳಚಿಕೊಂಡಂಗ ಐತಿ. ಆದ್ರ ನಮ್ಮ ಆಯಿ, ಅಂದ್ರ ಕಾಕಾನ ಅವ್ವ, ಒಂದ ಹಟ ಹಿಡದಿದ್ಲು. "ಒಂದು ಗಂಡ ಕೂಸು ಆಗಲಿ, ಆಮ್ಯಾಲೆ ಸೊಸಿಗೆ ಆಪರೇಷನ್ ಮಾಡಸೂಣು."

ಆಶಾ ಕಾರ್ಯಕರ್ತೆ ಬಂದ್ರ ಸೀದಾ ಅಡಗಿ ಮನ್ಯಾಗ ಹೋಗಿ, ಸೊಸೆಂದಿರ ಕಿವ್ಯಾಗ ಪಿಸಿಪಿಸಿ ಮಾತಾಡೂದು ನಮ್ಮ ಕಡೆ ಪದ್ಧತಿ. ಸಣ್ಣ ಸಂಸಾರ ಅಂತ ಸರಕಾರ ಗ್ವಾಡಿ ಮ್ಯಾಲೆ ದೊಡ್ಡ ಅಕ್ಷರದಾಗ ಬರಸ್ತೈತಿ ಖರೆ, ಆದ್ರ ಹೊಟ್ಟಿ ಕೊಯ್ಸಿಕೊಳ್ಳೂದು ಮಾತ್ರ ಹೆಣ್ಮಕ್ಕಳ ಪಾಲಿಗೆ. ಗಂಡಸರು ಏನ ಮಾಡ್ತಾರಂತೀರಿ? ದವಾಖಾನಿ ಹೊರಗ ನಿಂತು ಚಾ ಕುಡಿತಾರ. ಒಂದಿನ ಆಶಾ ಕಾರ್ಯಕರ್ತೆ ನಮ್ಮ ಮನಿಗೆ ಬಂದಾಗ ಕಾಕಾ ಅಡಗಿ ಮನಿ ಬಾಗಲಾಗ ಹೋಗಿ ನಿಂತ.

"ಬಾಯಾರ, ನನ್ನ ಹೆಸರು ಬರಕೋರಿ. ನಾ ಮಾಡಿಸ್ಕೋತೇನಿ."

ಅಕಿ ಕಣ್ಣು ಹೊರಗ ಬಂದ್ವು. "ಇಷ್ಟು ವರ್ಷ ಮನಿ ಮನಿ ತಿರಗೇನ್ರಿ, ಒಬ್ಬ ಗಂಡಸಿನ ಹೆಸರೂ ಬರದಿಲ್ಲ. ನನ್ನ ಕೈ ನಡಗಾಕತ್ತೈತ್ರಿ."

"ನಡಗಬೇಕಾದಾಂವ ನಾ, ನೀವ್ಯಾಕ ನಡಗ್ತೀರಿ?" ಅಂದ ಕಾಕಾ.

ಆಯಿ ಎದಿ ಎದಿ ಬಡಕೊಂಡ್ಲು. "ಅಯ್ಯ ನಮ್ಮಪ್ಪಾ, ನಾಳೆ ಗಾಡಿ ಚಾಲೂ ಮಾಡಾಕರ ತ್ರಾಣ ಉಳಿತೈತೇನೋ?"

"ಸೆಲ್ಫ್ ಸ್ಟಾರ್ಟ್ ಐತಿ ಬೇ ಅವ್ವಾ, ಬಟನ್ ಒತ್ತಿದ್ರ ಆತು."

ಮುದ್ದೇಬಿಹಾಳದಾಗ ಸಾಲಿ ಮಾಸ್ತರಿಕಿ ಮಾಡೂ ನನಗ ಆಯಿ ಫೋನ್ ಹಚ್ಚಿ ಅತ್ತಾಗ, ಯಾರೋ ತೀರಕೊಂಡ್ರು ಅಂತ ನಾ ರಜಾ ಹಾಕಾಕ ನಿಂತಿದ್ದೆ. ವಿಷಯ ತಿಳದ ಮ್ಯಾಲೆ ಸ್ಟಾಫ್ ರೂಮಿನಾಗ ಏನಂತ ಹೇಳಲಿ? ಹೊಟ್ಟಿ ನೋವು ಅಂದೆ.

ಸುಮ್ಮ ಮಾಡಿಸ್ಕೊಂಡಿದ್ರ ಆಗತಿತ್ತು. ಈ ಮನಷಾ ಟಂಟಂನ್ಯಾಗ ಕುಂತವರಿಗೆಲ್ಲ ಡಂಗುರ ಸಾರಿದ. ಬಾಜೂ ಕುಂತಿದ್ದ ಮುದುಕಪ್ಪ ಎಲ್ಲಿ ತನಗ ಹತ್ತತೈತೋ ಅಂತ ಹಿಂದಿನ ಸೀಟಿಗೆ ಹೋದ. ಹಿಂದ ಕುಂತ ಹೆಣ್ಮಕ್ಕಳು ತಂತಮ್ಮ ಗಂಡಂದಿರ ಮಾರಿ ನೋಡಾಕ ಹತ್ತಿದ್ರು. ಮರುದಿನದಿಂದ ಗಂಡಂದಿರೆಲ್ಲ ಹೆಂಡ್ತೀರನ್ನ ಬಸ್ಸಿಗೆ ಹತ್ತಿಸಾಕ ಶುರು ಮಾಡಿದ್ರು.

ಸಿಂದಗಿ ದವಾಖಾನ್ಯಾಗ ಆಪರೇಷನ್ ಚಾ ಕುಡಿಯೂದ್ರಾಗ ಮುಗೀತಂತ. ಹೊಲಿಗಿ ಇಲ್ಲ, ಏನಿಲ್ಲ. "ಎರಡು ದಿನ ಆರಾಮ ಮಾಡ್ರಿ, ಸಾಕು" ಅಂದ್ರು ಡಾಕ್ಟರ್. ಕಾಕಾಗ ಸಿಟ್ಟು ಬಂತು.

"ಎರಡ ದಿನಾನ? ಹೆಣ್ಮಕ್ಕಳಿಗಾದ್ರ ತವರಮನ್ಯಾಗ ತಿಂಗಳಗಟ್ಟಲೆ ಕುಂದರಸ್ತಾರಲ್ರಿ?"

ಮನಿಗೆ ಬಂದಾಂವ ಬಾಣಂತಿ ಹಂಗ ಕಿವಿಗೆ ಅರಿವಿ ಕಟಕೊಂಡ. "ನಾ ಇಂಡಿಗೆ ಹೊಂಟೆ, ಅತ್ತಿ ಮನಿಗೆ. ನನ್ನ ನೋಡಿಕೊಳ್ಳಾಕ ಇಕಿನೂ ಬರಬೇಕು, ಹುಡಿಗ್ಯಾರೂ ಬರಲಿ" ಅಂದ. ಕಾಕು ತವರಿಗೆ ಹೋಗಿ ಎಷ್ಟು ವರ್ಷ ಆಗಿತ್ತೋ. ಅಕಿ ಹೊರತು ಎಮ್ಮಿ ಯಾರಿಗೂ ಹಿಂಡಗೊಡಂಗಿಲ್ಲ ಅಂತ ಆಯಿ ಕಳಸ್ತಿದ್ದಿಲ್ಲ. ಈಗ ಮಗ ಜಡ್ಡಿಗೆ ಬಿದ್ದ ಮ್ಯಾಲೆ ಏನಂದಾಳು? ಬೈಕೋತ ಬೈಕೋತ ತಾನ ಹಿಂಡಾಕ ಕುಂತ್ಲು. ಎಮ್ಮಿ ಒದಿಲಿಲ್ಲ, ಏನಿಲ್ಲ, ಗಪ್ಪಗ ನಿಂತು ಹಿಂಡಿಸ್ಕೊಂತು.

ಹದಿನೈದು ದಿನ ಆತು, ತಿಂಗಳಾತು, ಬಾಣಂತಿ ತಿರುಗಿ ಬರಲಿಲ್ಲ. "ಹೋಗಿ ಎಳಕೊಂಡ ಬಾ" ಅಂತ ಆಯಿ ನನ್ನ ಓಡಿಸಿದ್ಲು. ಇಂಡಿ ಓಣ್ಯಾಗ ಮನಿ ಕೇಳಿದ್ರ, "ಬಾಣಂತಿ ಅಳಿಯಾನ ಮನಿ ಹೌದಲ್ರಿ?" ಅಂತ ಸಣ್ಣ ಕೂಸು ಕೂಡ ಕೈ ಮಾಡಿ ತೋರಿಸ್ತು. ನನಗ ನೆಲ ಬಾಯಿ ಬಿಡಬಾರದಾ ಅನಿಸ್ತು.

ಮಟಮಟ ಮಧ್ಯಾಹ್ನ. ಕಾಕಾನ ಅತ್ತಿ ಮೊಮ್ಮಕ್ಕಳನ್ನ ಕರಕೊಂಡು ಸಂತಿಗೆ ಹೋಗಿದ್ಲು. ಪಡಸಾಲ್ಯಾಗ ಹೊರಸಿನ ಮ್ಯಾಲೆ ಯಾರೋ ಮುಸುಕು ಹಾಕ್ಕೊಂಡು ಮಲಗಿದ್ದು ಕಾಣಿಸ್ತು.

"ಸಾಕು ಏಳ ಕಾಕಾ, ಊರಾಗ ಮಾರಿ ತೋರಿಸದಂಗ ಮಾಡೀದಿ" ಅಂದೆ.

"ಶ್, ಮೆತ್ತಗ" ಅಂತ ಹಿಂದಿನಿಂದ ದನಿ ಬಂತು. ತಿರುಗಿ ನೋಡಿದ್ರ ಕಾಕಾ ಅಡಗಿ ಮನಿ ಬಾಗಲಾಗ ನಿಂತಾನ. ಮೊಣಕೈತನಕ ಜ್ವಾಳದ ಹಿಟ್ಟು. ಒಲಿ ಮ್ಯಾಲೆ ಸೊಟ್ಟ ಸೊಟ್ಟ ರೊಟ್ಟಿ. ಹೊರಸಿನ ಮ್ಯಾಲೆ ಮಲಗಿದಾಕಿ ಕಾಕು. ಅಕಿ ನಮ್ಮ ಮನಿಗೆ ಬಂದಾಗಿನಿಂದ ಹಗಲು ಹೊತ್ತು ಮಲಗಿದ್ದನ್ನ ನಾ ನೋಡಿದ್ದಿಲ್ಲ.

ಕಾಕಾ ನನ್ನ ಒಲಿ ಹತ್ರ ಎಳಕೊಂಡ. ಯಾವಾಗೂ ಒದರಾಡಾಂವ ಅವತ್ತ ಪಿಸುಮಾತು ಆಡಿದ.

"ಮೂರನೇದು ಆದ್ರ ಇಕಿ ಉಳಿಯಂಗಿಲ್ಲ ಅಂದಾರೋ ವಿಜಯಪುರದ ಡಾಕ್ಟರ್. ಮೈಯಾಗ ರಕ್ತ ಇಲ್ಲ, ಆಪರೇಷನ್ನೂ ತಡಕೊಳ್ಳಂಗಿಲ್ಲಂತ. ಅವ್ವಗ ಹೇಳಿದ್ರ ಸೊಸಿ ನೆವ ತಗದ್ಲು ಅಂತಾಳ. ಮೊಮ್ಮಗನ್ನ ಕೊಡದಾಕಿ ಅಂತ ಇಕಿ ಸಾಯೂತನಕ ಅನಸ್ಕೋಬೇಕು. ಈಗ ನೋಡು, ಎಲ್ಲಾರೂ ನನಗ ಬೈತಾರ, ನನಗ ನಗತಾರ. ಇಕಿ ಹೆಸರು ಯಾರೂ ತಗಿಯಂಗಿಲ್ಲ."

"ಕಾಕುಗರ ಗೊತ್ತೈತೇನು?"

"ಹುಚ್ಚ. ಹೇಳಿದ್ರ ಅಂಜಿ ಇನ್ನಷ್ಟು ಸೊರಗ್ತಾಳ. ಗಂಡಗ ತಲಿ ಕೆಟ್ಟೈತಿ ಅಂತ ತಿಳಕೊಂಡಾಳ, ಹಂಗ ನಕ್ಕೋತ ಇರ್ಲಿ. ಎರಡು ತುತ್ತು ಹೆಚ್ಚಿಗಿ ಉಣ್ಣಾಕತ್ತಾಳ ಈಗ."

ಎಷ್ಟು ಸಿಟ್ಟಿಗೆದ್ದು ಬಂದಿದ್ದೆನೋ ಅಷ್ಟೂ ಕಣ್ಣಾಗ ನೀರಾಗಿ ಬಂತು. ಹೊಗಿ ಹತ್ತಿತು ಅಂತ ಹೇಳಿ ಪಡಸಾಲಿಗೆ ಬಂದೆ. ಕಾಕಾ ಹಿಂದ ರೊಟ್ಟಿ ಬಡಿಯಾಕ ಕುಂತ.

ಕಾಕು ನಿದ್ದಿ ಮಾಡಾಕತ್ತಿರಲಿಲ್ಲ. ಸೆರಗು ಬಾಯಾಗ ತುರುಕಿಕೊಂಡು ಅಳಾಕತ್ತಿದ್ಲು. ನನ್ನ ನೋಡಿದ್ಲು. ಅಡಗಿ ಮನಿ ಕಡೆ ಕಣ್ಣು ಹಾಯಿಸಿ, ಅವಗ ಹೇಳಬ್ಯಾಡ ಅಂತ ಕೈ ಸನ್ನಿ ಮಾಡಿ, ಮತ್ತ ಮುಸುಕು ಎಳಕೊಂಡ್ಲು.